ಹಳೇ ಕಾರಿನ ಆರ್‌ಸಿ (ನೋಂದಣಿ ಪತ್ರ) ನನ್ನ ಹೆಸರಿಗೆ ಆಗದೇ ನಿಂತಿದ್ದು, ಕೊನೆಗೆ ಆಗಿದ್ದು (ನನ್ನ ಅನುಭವ)

ತೀರ್ಥಹಳ್ಳಿಯವರೊಬ್ಬರಿಂದ ಕೆಎ-14 ನಂಬರಿನ ಕಾರು ಕೊಂಡೆ. ನಾನಿರುವುದು ಸಾಗರದಲ್ಲಿ. ಒಂದೇ ರಾಜ್ಯವಾದ್ದರಿಂದ ನಂಬರ್ ಬದಲಾಗುವುದಿಲ್ಲ. ಆದರೆ ಹೆಸರು ಬದಲಾವಣೆಯ ಅರ್ಜಿ ಸಾರಿಗೆ ಕಚೇರಿಯಿಂದ (ಆರ್‌ಟಿಒ) ಎರಡು ಸಲ ವಾಪಸ್ ಬಂತು. ಸಾಲ ತೀರಿ ವರ್ಷಗಳಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು.

ಬ್ಯಾಂಕಿನ 'ಬಾಕಿ ಇಲ್ಲ' ಪತ್ರ ಲಗತ್ತಿಸಿದೆ, ನಡೆಯಲಿಲ್ಲ. ಛಾಪಾ ಕಾಗದದ ಕ್ರಯಪತ್ರವೂ ಉಪಯೋಗಕ್ಕೆ ಬರಲಿಲ್ಲ. ಏಜೆಂಟರಿಗೆ ಕೊಟ್ಟ ದುಡ್ಡು ದಂಡ.

ಕೆಲಸ ಆಗಿದ್ದು ಅನುಕ್ರಮ ಬದಲಿಸಿದಾಗ. ಮೊದಲು ಸಾಲದ ನಮೂದು ತೆಗೆಸುವ ಫಾರಂ 35, ಎರಡು ಪ್ರತಿ. ಅದರಲ್ಲಿ ಮಾರಿದವರ ಸಹಿ, ಬ್ಯಾಂಕಿನ ಸಹಿ ಮತ್ತು ಮೊಹರು ಎರಡೂ ಬೇಕು. ಬರೀ ಪತ್ರ ಸಾಲದು ಅನ್ನುವುದು ಇಲ್ಲಿಯೇ. ಅರ್ಜಿಯ ಓಟಿಪಿ ಮಾರಿದವರ ಹಳೇ ಮೊಬೈಲಿಗೆ ಹೋಗುತ್ತಿತ್ತು, ಅದನ್ನೂ ಮೊದಲೇ ಸರಿಮಾಡಿಸಿದೆವು. ಸಾಲದ ನಮೂದು ಹೋಗಿದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಫಾರಂ 29 (ಮಾಲೀಕತ್ವ ವರ್ಗಾವಣೆಯ ಸೂಚನೆ) ಎರಡು ಪ್ರತಿ, ಫಾರಂ 30 (ಹೆಸರು ಬದಲಾವಣೆಯ ಅರ್ಜಿ), ಚಾಲ್ತಿ ವಿಮೆ, ಹೊಗೆ ಪ್ರಮಾಣಪತ್ರ ಕೊಟ್ಟಿದ್ದು.

ಕಚೇರಿಯವರು ಚಾಸಿ ನಂಬರಿನ (ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆ) ಪೆನ್ಸಿಲ್ ಅಚ್ಚನ್ನೂ ಕೇಳಿದರು. ನಮ್ಮ ಮಳೆಗೆ ಅಕ್ಷರಗಳ ಮೇಲೆ ಕೆಸರು, ತುಕ್ಕು ಕೂತಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜಿದರೆ ಸ್ಪಷ್ಟವಾಗಿ ಮೂಡುತ್ತದೆ.

ಕಾನೂನಿನ ಗಡುವು ನೆನಪಿರಲಿ: ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಮಾರಾಟವನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗಿರುವುದು 14 ದಿನ. ಇದನ್ನು ಆರ್‌ಸಿ ಬರಲಿ ಅಂತ ಕಾಯಿಸಬೇಡಿ.