ಎರೆ ನೆಲದಲ್ಲಿ ಮನೆ: ಪಾಯ ತೆಗೆಯುವ ಮುನ್ನ

ನವಲಗುಂದ, ನರಗುಂದ, ರೋಣದ ಕಡೆ ಮನೆ ಕಟ್ಟಿಸುವವರು ಬಾಗಿಲು ಯಾವ ದಿಕ್ಕಿಗಿರಬೇಕೆಂದು ಮೂವರನ್ನು ಕೇಳುತ್ತಾರೆ, ಕೆಳಗಿನ ಮಣ್ಣಿನ ಬಗ್ಗೆ ಒಬ್ಬರನ್ನೂ ಕೇಳುವುದಿಲ್ಲ. ಅದು ಎರೆ, ಅಂದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಕಪ್ಪು ಮಣ್ಣು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಬೈಗುಳ ಗೌಂಡಿಗೆ.

ಮೊದಲು ಜಾಗ. ಊರೊಳಗೆ ಹಳೆಯ ಮನೆ ಬಿದ್ದ ಜಾಗವಾದರೆ ಹಗೇವು ಇದೆಯೇ ನೋಡಿ. ಜೋಳ ತುಂಬಿಡಲು ಅಜ್ಜಂದಿರು ತೋಡಿಸಿದ ಈ ನೆಲಗುಂಡಿಗಳಿಗೆ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ಮೊಮ್ಮಕ್ಕಳಿಗೆ ಸುಳಿವೇ ಇರುವುದಿಲ್ಲ. ನರಗುಂದ ಪಟ್ಟಣದಲ್ಲಿ ಕೆಲವು ವರ್ಷಗಳ ಹಿಂದೆ ಮನೆಯೊಳಗೇ ನೆಲ ಕುಸಿದಾಗ ಜನ ನೆನೆದದ್ದು ಇವನ್ನೇ. ಓಣಿಯ ಹಿರಿಯರನ್ನು ಕೇಳಿ. ಆಮೇಲೆ ಹಾರೆಯಿಂದ ಮಾರಿಗೊಂದರಂತೆ ನೆಲ ಕುಟ್ಟಿ. ಗಟ್ಟಿ ನೆಲ ‘ದಪ್’ ಎನ್ನುತ್ತದೆ, ಟೊಳ್ಳು ನೆಲ ಖಾಲಿ ಕೊಡದಂತೆ ಗುಂಯ್‌ಗುಡುತ್ತದೆ. ಹಗೇವು ಸಿಕ್ಕರೆ ತಕ್ಷಣ ಒಳಗೆ ಇಳಿಯಬೇಡಿ, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಮೇಲ್ಭಾಗ ಒಡೆಸಿ, ಪೂರ್ತಿ ತೆರೆದು, ಗರಸನ್ನು (ಉಬ್ಬದ, ಗಟ್ಟಿ ಹರಳು ಮಣ್ಣು) ಪದರಪದರವಾಗಿ ನೀರು ಹೊಡೆದು ಧಮ್ಮಸ್ಸು ಮಾಡಿಸಿ.

ಮಲಪ್ರಭಾ, ಬೆಣ್ಣೆಹಳ್ಳದ ದಂಡೆಯವರು 2009 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ವಿಚಾರಿಸಿ. ಮನೆಯ ನೆಲಗಟ್ಟು ಅದಕ್ಕಿಂತ ಮೇಲಿರಲಿ. ಊರ ಹೊರಗೆ ಹೊಲ ಸೀಳಿ ಮಾರುವ ನಿವೇಶನ ಕೊಳ್ಳುವವರು ಭೂಪರಿವರ್ತನೆಯ ಆದೇಶವನ್ನೂ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎಯನ್ನೂ ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ಕಟ್ಟಲು ಗ್ರಾಮ ಪಂಚಾಯಿತಿಯ ಪರವಾನಗಿಯೂ ಬೇಕು.

ಇನ್ನು ಮಣ್ಣು. ಎರಡು ಅಡಿ ಕೆಳಗಿನ ಮಣ್ಣು ತೆಗೆದು ಒಣಗಿಸಿ, ಪುಡಿಮಾಡಿ, ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಗಾಜಿನ ಲೋಟಗಳಿಗೆ ಎರಡೆರಡು ಚಮಚ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ (ಸಿಕ್ಕರೆ!) ಸುರಿದು, ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದರ ಒಂದೂವರೆ ಪಟ್ಟು ಎತ್ತರಕ್ಕೆ ನಿಂತಿದ್ದರೆ ನಿಮ್ಮದು ಉಬ್ಬಿ ಗೋಡೆಯನ್ನೇ ಮೇಲಕ್ಕೆ ತಳ್ಳುವ ಮಣ್ಣು, ಎಂಜಿನಿಯರರನ್ನು ಕರೆಸಿ. ಮುಂಡರಗಿ, ಶಿರಹಟ್ಟಿಯ ಮಸಾರಿ (ಕೆಂಪು ಮಣ್ಣಿನ) ನೆಲದವರಿಗೆ ಈ ತಾಪತ್ರಯ ಅಷ್ಟಿಲ್ಲ.

ಪಾಯದ ಆಳವನ್ನು ಬೇಸಿಗೆಯೇ ಹೇಳುತ್ತದೆ. ಏಪ್ರಿಲ್‌ನಲ್ಲಿ ನೆಲ ಬಾಯಿಬಿಟ್ಟಾಗ ಬಿರುಕಿನೊಳಗೆ ಉದ್ದನೆಯ ತಂತಿಯೊಂದನ್ನು ಇಳಿಸಿ ನೋಡಿ. ಅದು ಹೋದಷ್ಟಕ್ಕಿಂತ ಕೆಳಗೆ ಪಾಯ ಕೂರಬೇಕು. ಐದಾರು ಅಡಿ ಅಗೆಯಬೇಕಾಗಿ ಬರುವುದು ಸಾಮಾನ್ಯ. ಅಷ್ಟರಲ್ಲಿ ಗರಸು ಹತ್ತಿದರೆ ಅದೃಷ್ಟ. ಎರೆ ಇನ್ನೂ ಆಳಕ್ಕಿದ್ದರೆ ಬುಡದಲ್ಲಿ ಗಡಿಗೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್, ಹಾಕಿಸುವುದೇ ಕೊನೆಗೆ ಅಗ್ಗ. ನೆಲಗಟ್ಟಿನ ಮಟ್ಟದ ಪ್ಲಿಂತ್ ಬೀಮ್, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಬೀಮ್ ಮನೆಯ ಸುತ್ತಲೂ ಎಲ್ಲಿಯೂ ಕಡಿಯದೆ ಹರಿಯಲಿ.

ಬಹುತೇಕರು ಎಡವುವುದು ಇದಾದ ಮೇಲೆ. ಅಗೆದ ಎರೆ ಮಣ್ಣು ಕಣ್ಣೆದುರಿಗೇ ರಾಶಿ ಬಿದ್ದಿರುತ್ತದೆ, ಗರಸಿನ ಟ್ರ್ಯಾಕ್ಟರಿಗೆ ಹಣ ಕೊಡಬೇಕು. ಅದೇ ಎರೆಯನ್ನು ಪಾಯದ ಪಕ್ಕಕ್ಕೂ ನೆಲದೊಳಗೂ ತುಂಬಿಬಿಡುತ್ತಾರೆ. ಮುಂದಿನ ಮಳೆಗೆ ಪಡಸಾಲೆಯ ಟೈಲ್ಸ್ ಗುಬುಟು ಏಳುತ್ತದೆ. ಆ ಮಣ್ಣು ಹೊಲಕ್ಕೆ ಹೋಗಲಿ, ಮನೆಗೆ ಗರಸೇ ಬರಲಿ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಸಿಗುವುದು 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಹಣ ಕಂತಿನಲ್ಲಿ ಬರುತ್ತದೆ, ಹಂತಹಂತಕ್ಕೂ ಜಿಪಿಎಸ್ ಫೋಟೊ ಬೇಕು. ಎರೆ ನೆಲದಲ್ಲಿ ಪಾಯವೇ ಅದರ ದೊಡ್ಡ ಪಾಲು ನುಂಗುತ್ತದೆ. ಎರಡನೆಯ ಕೋಣೆ ತಡವಾದರೆ ಆಗಲಿ, ಪಾಯದಲ್ಲಿ ಜಿಪುಣತನ ಬೇಡ.

ಕಟ್ಟಿದ ಮೇಲೆ ಸುತ್ತಲೂ ಮೂರು ಅಡಿ ಅಗಲದ ಇಳಿಜಾರು ಕಾಂಕ್ರೀಟ್ ಕಟ್ಟೆ ಹಾಕಿಸಿ. ಬಚ್ಚಲ ನೀರನ್ನು ಪೈಪಿನಲ್ಲಿ ದೂರದ ಇಂಗುಗುಂಡಿಗೆ ಬಿಡಿ. ಬೇವಿನ ಸಸಿಯನ್ನು ಗೋಡೆಯ ಮಗ್ಗುಲಲ್ಲಿ ನೆಡಬೇಡಿ, ಹಿತ್ತಲ ಕೊನೆಯಲ್ಲಿ ನೆಡಿ. ಬೇಸಿಗೆಯಲ್ಲಿ ಅದರ ಬೇರು ಪಾಯದಡಿಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ.