ತಾಯಿ ಊರಿಗೆ ಹೊರಡುವ ಮುನ್ನ ಮಗುವಿಗೆ ಹಾಲು ಬಿಡಿಸುವ ಬಗೆ

ನನ್ನ ಮಗಳು ಕಚೇರಿಯ ತರಬೇತಿಗೆಂದು ಹದಿನೈದು ದಿನ ದೆಹಲಿಗೆ ಹೋಗಬೇಕಾಗಿ ಬಂದಾಗ ಮೊಮ್ಮಗನಿಗೆ 14 ತಿಂಗಳು ನಡೆಯುತ್ತಿತ್ತು. ಹೊರಡಲು ಇನ್ನೂ ಎರಡು ತಿಂಗಳಿರುವಾಗಲೇ ನಾವು ಹಾಲು ಬಿಡಿಸಲು ತೊಡಗಿದ್ದನ್ನು ಕಂಡ ನೆರೆಮನೆಯ ಹಿರಿಯರೊಬ್ಬರು, ಬೇವಿನ ಸೊಪ್ಪು ಅರೆದು ಎದೆಗೆ ಹಚ್ಚಿಕೊಂಡರೆ ಮೂರೇ ರಾತ್ರಿಯಲ್ಲಿ ಮಗು ಮರೆಯುತ್ತದೆಯಲ್ಲ ಎಂದರು. ನಾನೂ ನನ್ನ ಹಿರಿಯ ಮಗನಿಗೆ ಹಾಗೆಯೇ ಹಾಲು ಬಿಡಿಸಿದವಳು. ಅವನು ಮೂರು ರಾತ್ರಿ ಅತ್ತು ಮರೆತದ್ದು ನಿಜ. ಆದರೆ ನನಗೆ ಹಾಲು ಕಟ್ಟಿಕೊಂಡು, ಎದೆ ಕಲ್ಲಿನಂತಾಗಿ, ಚಳಿಜ್ವರ ಬಂದು ವಾರವಿಡೀ ಔಷಧ ತೆಗೆದುಕೊಳ್ಳಬೇಕಾಯಿತು.

ಹಾಲು ಬಿಡಿಸುವುದು ಅಗತ್ಯವೇ ಎಂಬುದನ್ನು ಮೊದಲು ಯೋಚಿಸಬೇಕು. ಮೊದಲ 6 ತಿಂಗಳು ಎದೆಹಾಲು ಮಾತ್ರ, ಅನಂತರ ಇತರ ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ಮೂರು ದಿನದ ಪ್ರಯಾಣವಾದರೆ ತಾಯಿ ಮಗು ಕುಡಿಯುತ್ತಿದ್ದ ಹೊತ್ತಿಗೇ ಹಾಲು ಹಿಂಡಿ ತೆಗೆಯುತ್ತಿದ್ದರೆ ಸಾಕು, ಬಂದ ಮೇಲೆ ಮುಂದುವರಿಸಬಹುದು. 26 ವಾರಗಳ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳುವವರೂ ಪೂರ್ತಿ ಬಿಡಿಸಬೇಕಾಗಿಲ್ಲ; ಬೆಳಿಗ್ಗೆ, ಸಂಜೆ ಮತ್ತು ರಾತ್ರಿ ಎದೆಹಾಲು ಕೊಟ್ಟು, ಹಗಲಿಗೆ ಹಿಂಡಿದ ಹಾಲನ್ನು ಇಟ್ಟು ಹೋಗಬಹುದು. ಆ ಹಾಲು ಹೊರಗೆ 25 ಡಿಗ್ರಿಯೊಳಗಿನ ತಂಪಿನಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗಿಡುವ ಮಾತೇ ಬೇಡ. ಕುಡಿಸುವಾಗ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೆ ಕುದಿಸಬಾರದು.

ಬಿಡಿಸಲೇಬೇಕೆಂದಾದರೆ, ಮಗುವಿಗೆ ಹಾಲೂ ತಾಯಿಯೂ ಒಂದೇ ದಿನ ತಪ್ಪದಂತೆ ನೋಡಿಕೊಳ್ಳಬೇಕು. ಒಮ್ಮೆಗೆ ಒಂದು ಹೊತ್ತಿನ ಹಾಲನ್ನು ಮಾತ್ರ ನಿಲ್ಲಿಸಿ, ತಾಯಿಯ ಎದೆ ಅದಕ್ಕೆ ಹೊಂದಿಕೊಳ್ಳುವವರೆಗೆ, ಅಂದರೆ ಐದಾರು ದಿನ ಕಾದು, ಮುಂದಿನದನ್ನು ನಿಲ್ಲಿಸಬೇಕು. ಮಗು ಆಟದಲ್ಲಿ ಮೈಮರೆಯುವ ಮಧ್ಯಾಹ್ನದ ಹಾಲನ್ನು ನಾವು ಮೊದಲು ಬಿಡಿಸಿದೆವು. ಆ ಹೊತ್ತಿಗೆ ರಾಗಿ ಸರಿಯನ್ನೋ ಮೆತ್ತಗೆ ಕಲಸಿದ ಅನ್ನ ಸಾರನ್ನೋ ಕೊಟ್ಟು, ಕಾಯಿಸಿ ಆರಿಸಿದ ಹಸುವಿನ ಹಾಲನ್ನು ಲೋಟದಲ್ಲಿ ಕುಡಿಸುತ್ತಿದ್ದೆವು. ವರ್ಷ ತುಂಬದ ಕೂಸಿಗೆ ಎದೆಹಾಲಿನ ಬದಲು ಹಸುವಿನ ಹಾಲು ಸಲ್ಲದು. ಹಿಂಡಿದ ಹಾಲನ್ನು ಅಥವಾ ವೈದ್ಯರು ಹೇಳಿದ ಪುಡಿಹಾಲನ್ನು ಒಳಲೆಯಲ್ಲಿ ಕುಡಿಸಬಹುದು. ಜೇನುತುಪ್ಪವನ್ನು ನೆಕ್ಕಿಸುವ ಅಜ್ಜಿಯರು ಈಗಲೂ ಇದ್ದಾರೆ, ವರ್ಷದೊಳಗೆ ಅದು ಅಪಾಯಕರ.

ಕಷ್ಟವಾಗುವುದು ರಾತ್ರಿಯ ಹಾಲು, ಏಕೆಂದರೆ ಮಗು ಅದನ್ನು ಹಸಿವಿಗಿಂತ ಹೆಚ್ಚಾಗಿ ನಿದ್ದೆಗಾಗಿ ಕೇಳುತ್ತದೆ. ಆದ್ದರಿಂದ ಹಾಲು ನಿಲ್ಲಿಸುವುದಕ್ಕೂ ಮೊದಲೇ ಮಲಗಿಸುವ ಕೈ ಬದಲಾಗಬೇಕು. ನಮ್ಮಲ್ಲಿ ಅಳಿಯಂದಿರು ದಿನವೂ ರಾತ್ರಿ ಊಟವಾದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತಾರಸಿಯ ಮೇಲೆ ಓಡಾಡಿಸಿ, ಬಂದು ಬೆನ್ನು ತಟ್ಟಿ ಮಲಗಿಸುವುದನ್ನು ರೂಢಿ ಮಾಡಿಕೊಂಡರು. ಆ ಹೊತ್ತಿನಲ್ಲಿ ಮಗಳು ಬೇರೆ ಕೋಣೆಯಲ್ಲೇ ಇರುತ್ತಿದ್ದಳು, ಏಕೆಂದರೆ ತಾಯಿ ಕಣ್ಣಿಗೆ ಬಿದ್ದರೆ ಮಗು ಬೇರೆಯವರ ಕೈಯಲ್ಲಿ ಸಮಾಧಾನಗೊಳ್ಳುವುದಿಲ್ಲ. ಮೊದಲ ನಾಲ್ಕು ರಾತ್ರಿ ಅವನು ಅತ್ತ, ಅಳಿಯಂದಿರಿಗೂ ನಿದ್ದೆಯಿರಲಿಲ್ಲ. ಆ ವಾರದಲ್ಲಿ ಮಗುವಿಗೆ ಹಲ್ಲು ಬರುವ ಸೂಚನೆಯೋ ಜ್ವರವೋ ಕಂಡರೆ ಅಲ್ಲಿಗೇ ನಿಲ್ಲಿಸಿ, ಗುಣವಾದ ಮೇಲೆ ಮುಂದುವರಿಸುವುದು ಒಳ್ಳೆಯದು. ಕೊನೆಯ ಹಾಲು ನಿಂತ ಮೇಲೂ ಎರಡು ವಾರ ತಾಯಿ ಮನೆಯಲ್ಲಿರಬೇಕು.

ತಾಯಿಗೆ ಎದೆ ಬಿಗಿದರೆ ನೋವು ಇಳಿಯುವಷ್ಟು ಮಾತ್ರ ಹಿಂಡಬೇಕು, ಪೂರ್ತಿ ಹಿಂಡಿದರೆ ಹಾಲು ಮತ್ತೆ ತುಂಬುತ್ತದೆ. ತಣ್ಣನೆಯ ಬಟ್ಟೆ ಹಾಕಿಕೊಳ್ಳಬಹುದು. ಹಿಂದಿನವರಂತೆ ಸೀರೆಯ ಸೆರಗಿನಿಂದ ಬಿಗಿಯಾಗಿ ಕಟ್ಟುವುದು ಬೇಡ, ಅದರಿಂದಲೇ ಗಂಟು ಕಟ್ಟುತ್ತದೆ. ಕೆಂಪಾಗಿ ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಹದಿನೈದು ದಿನಗಳ ಬಳಿಕ ಮಗಳು ಬಂದಾಗ ಮೊಮ್ಮಗ ಅವಳ ಮಡಿಲಿಗೇರಿ ಎದೆ ತಡಕಿದ. ಅವಳು ಗದರಲಿಲ್ಲ, ಕೈಯನ್ನೂ ಸರಿಸಲಿಲ್ಲ. ಎರಡು ಸಲ ಬಾಯಿಟ್ಟು ಏನೂ ಬಾರದಿದ್ದಾಗ ಅವನು ಇಳಿದು ಹೋಗಿ ಅಡುಗೆಮನೆಯಿಂದ ತನ್ನ ಲೋಟವನ್ನು ತಂದು ಅವಳ ಕೈಗಿತ್ತ.