ಇಂಧನ ಕೋಷ್ಟಕ ತಿದ್ದುವ ಮುನ್ನ ಲಾಗ್ ಓದಿ

ಗದ್ದೆಯ ಕೊಯ್ಲು ಮುಗಿದು ಅಲ್ಲಿ ನಡೆಯುವ ಗಾಡಿ ಓಟದ, ಅಂದರೆ ಆಟೋಕ್ರಾಸಿನ ದಿನಗಳು ಹತ್ತಿರವಾದಾಗ, ಹಳೆಯ ಜಿಪ್ಸಿಗೆ ಮೆಗಾಸ್ಕ್ವರ್ಟ್ ಅಥವಾ ಸ್ಪೀಡುಯಿನೋದಂಥ ಬದಲಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೂರಿಸಿಕೊಂಡವರ ಮುಂದಿರುವ ದೊಡ್ಡ ಕೆಲಸವೆಂದರೆ ಇಂಧನ ಕೋಷ್ಟಕವನ್ನು ಹೊಂದಿಸುವುದು. ರಸ್ತೆಗಿಳಿಯುವ ನೋಂದಾಯಿತ ವಾಹನದಲ್ಲಿ ಇಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ಆದ್ದರಿಂದ ಇಲ್ಲಿನ ಮಾತೆಲ್ಲ ಸ್ಪರ್ಧೆಗೆಂದೇ ಇಟ್ಟ, ಖಾಸಗಿ ಜಾಗದಲ್ಲಿ ಓಡುವ ಗಾಡಿಗೆ ಮಾತ್ರ ಅನ್ವಯಿಸುತ್ತದೆ.

ಕೋಷ್ಟಕದ ಅಡ್ಡಸಾಲಿನಲ್ಲಿ ಇಂಜಿನ್ನಿನ ಆರ್‌ಪಿಎಂ, ಉದ್ದಸಾಲಿನಲ್ಲಿ ಮ್ಯಾನಿಫೋಲ್ಡಿನೊಳಗಿನ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗಿನ) ಗಾಳಿಯ ಒತ್ತಡ ಇರುತ್ತವೆ. 16ಕ್ಕೆ 16ರ ಕೋಷ್ಟಕವಾದರೆ 256 ಚೌಕಗಳು. ಸಿಲಿಂಡರಿಗೆ ಎಷ್ಟು ಗಾಳಿ ತುಂಬಿತೆಂದು ಪ್ರತಿ ಚೌಕದ ಅಂಕೆ ಹೇಳುತ್ತದೆ. ಅದರ ಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಇಸಿಯು ಲೆಕ್ಕಹಾಕುತ್ತದೆ.

ಮೊದಲಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೇಕು. ಕಂಪನಿಯಿಂದ ಬಂದಿರುವ ಸಾಮಾನ್ಯ ಸೆನ್ಸರ್ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗಿದೆಯೋ ಲೀನ್ (ಪೆಟ್ರೋಲ್ ಕಡಿಮೆ) ಆಗಿದೆಯೋ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ವೈಡ್‌ಬ್ಯಾಂಡನ್ನು ಎಕ್ಸಾಸ್ಟ್ ಕವಲುಗಳು ಕೂಡುವ ಜಾಗದಿಂದ ಮುಂದೆ, ಪೈಪಿನ ಮೇಲ್ಭಾಗದಲ್ಲಿ, ಅಡ್ಡಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿ ಕೂರಿಸಬೇಕು. ಇಲ್ಲದಿದ್ದರೆ ಪೈಪಿನಲ್ಲಿ ತಣಿದ ನೀರು ಸೆನ್ಸರಿಗೇ ಇಳಿದು ಅದನ್ನು ಕೆಡಿಸುತ್ತದೆ. ಅದಕ್ಕಿಂತ ಹಿಂದೆ ಎಲ್ಲಾದರೂ ಗ್ಯಾಸ್ಕೆಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಸೇರಿ ಸುಳ್ಳೇ ಲೀನ್ ತೋರಿಸುತ್ತದೆ. ಸ್ಪಾರ್ಕ್ ತಪ್ಪಿದಾಗಲೂ ಹಾಗೆಯೇ: ಉರಿಯದೆ ಉಳಿದ ಆಮ್ಲಜನಕವನ್ನು ಕಂಡು ಸೆನ್ಸರ್ ಲೀನ್ ಎನ್ನುತ್ತದೆ, ಅದನ್ನು ನಂಬಿ ಪೆಟ್ರೋಲ್ ಏರಿಸಿದವರು ಇನ್ನಷ್ಟು ತೊಂದರೆಗೆ ಸಿಲುಕುತ್ತಾರೆ.

ಓದಿಕೆಯನ್ನು 14.7 ಎಂಬ ಹಳೆಯ ಗಾಳಿ-ಪೆಟ್ರೋಲ್ ಅನುಪಾತದಲ್ಲಿ ನೋಡುವ ಬದಲು ಲ್ಯಾಂಬ್ಡಾದಲ್ಲಿಯೇ, ಅಂದರೆ ಆ ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಾಲು ಸಿಕ್ಕಿದೆ ಎಂಬ ಲೆಕ್ಕದಲ್ಲಿ (1ಕ್ಕಿಂತ ಕಡಿಮೆ ಇದ್ದರೆ ರಿಚ್, ಹೆಚ್ಚಿದ್ದರೆ ಲೀನ್) ನೋಡುವುದು ಒಳ್ಳೆಯದು. ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿಗೆ ಆ ಅಂಕೆ ಹೊಂದುವುದಿಲ್ಲ. ಲ್ಯಾಂಬ್ಡಾ 1 ಮಾತ್ರ ಯಾವ ಇಂಧನಕ್ಕೂ 1 ಆಗಿಯೇ ಇರುತ್ತದೆ.

ಆನಂತರ ಆರ್‌ಪಿಎಂ, ಒತ್ತಡ, ಥ್ರಾಟಲ್, ಲ್ಯಾಂಬ್ಡಾ, ಕೂಲೆಂಟ್ ಮತ್ತು ಒಳಗಾಳಿಯ ಉಷ್ಣತೆ, ಇಂಜೆಕ್ಟರ್ ತೆರೆದಿರುವ ಅವಧಿ, ಬ್ಯಾಟರಿ ವೋಲ್ಟೇಜು ಇವಿಷ್ಟನ್ನೂ ಲಾಗಿಗೆ (ಗಾಡಿ ಓಡುವಾಗಿನ ಓದಿಕೆಗಳ ದಾಖಲೆಗೆ) ಸೇರಿಸಿ, ಲ್ಯಾಂಬ್ಡಾ ನೋಡಿಕೊಂಡು ಇಸಿಯು ತಾನಾಗಿ ಮಾಡುವ ತಿದ್ದುಪಡಿಯನ್ನು ನಿಲ್ಲಿಸಿ, ಕೂಲೆಂಟ್ 80 ಡಿಗ್ರಿ ದಾಟಿದ ಮೇಲಷ್ಟೇ ಹೊರಡಬೇಕು. ತೋಟದೊಳಗಿನ ಉದ್ದನೆಯ ಏರು ಇದಕ್ಕೆ ಹೇಳಿಮಾಡಿಸಿದ ಜಾಗ. ಮೂರನೇ ಗೇರಿನಲ್ಲಿ ಥ್ರಾಟಲನ್ನು ಅಲುಗಿಸದೆ ಕೆಲವು ಸೆಕೆಂಡು ಹಿಡಿದರೆ ಒಂದೇ ಚೌಕದಲ್ಲಿ ಸ್ಥಿರವಾದ ಓದಿಕೆ ಸಿಗುತ್ತದೆ. ಗದ್ದೆಯ ಕೆಸರಿನಲ್ಲಿ ಚಕ್ರ ತಿರುಗಿ ಆರ್‌ಪಿಎಂ ಕುಣಿಯುವಾಗ ಹಿಡಿದ ಲಾಗು, ನನ್ನ ದೃಷ್ಟಿಯಲ್ಲಿ, ಗಾಡಿ ಯಾವ ಚೌಕಗಳನ್ನು ಹೆಚ್ಚು ಬಳಸುತ್ತದೆಂದು ತಿಳಿಯಲು ಸಾಕೇ ಹೊರತು ಅಂಕೆ ತಿದ್ದಲು ಸಾಲದು. ಥ್ರಾಟಲ್ ಒತ್ತಿದ, ಬಿಟ್ಟ ಕ್ಷಣಗಳನ್ನೆಲ್ಲ ಲಾಗಿನಿಂದ ಸೋಸಿ ತೆಗೆಯಿರಿ. ಸುಟ್ಟ ಅನಿಲ ಸೆನ್ಸರನ್ನು ಮುಟ್ಟಲು ತುಸು ಹೊತ್ತು ಬೇಕಾದ್ದರಿಂದ ಲ್ಯಾಂಬ್ಡಾ ಯಾವಾಗಲೂ ಸ್ವಲ್ಪ ಹಿಂದೆಯೇ ಇರುತ್ತದೆ.

ಲೆಕ್ಕ ಸುಲಭ. 3000 ಆರ್‌ಪಿಎಂ, 80 ಕಿಲೋಪ್ಯಾಸ್ಕಲ್ ಚೌಕದಲ್ಲಿ 62 ಎಂದಿದೆ, ಗುರಿ ಲ್ಯಾಂಬ್ಡಾ 0.88, ಲಾಗಿನಲ್ಲಿ ಕಂಡದ್ದು 0.95. ಕಂಡದ್ದನ್ನು ಗುರಿಯಿಂದ ಭಾಗಿಸಿ 62ರಿಂದ ಗುಣಿಸಿದರೆ ಸುಮಾರು 67. ಏರಿಸಬೇಕಾದಾಗ ಪೂರ್ತಿ ಏರಿಸಿ, ಇಳಿಸಬೇಕಾದಾಗ ಅರ್ಧದಷ್ಟೇ ಇಳಿಸಿ ಮತ್ತೆ ಲಾಗ್ ಮಾಡಿ. ಭಾರದಲ್ಲಿರುವ ಇಂಜಿನ್ನಿಗೆ ಲೀನ್ ಮಿಶ್ರಣದಷ್ಟು ಅಪಾಯ ತುಸು ರಿಚ್ ಮಿಶ್ರಣದಿಂದಿಲ್ಲ. ಹಾಗೆಯೇ, ಇಂಜಿನ್ನಿನ ಎರಡು ಸುತ್ತಿಗೊಮ್ಮೆ ಸಿಂಪಡಿಸುವ ವ್ಯವಸ್ಥೆಯಲ್ಲಿ 6000 ಆರ್‌ಪಿಎಂಗೆ ಸಿಗುವುದೇ 20 ಮಿಲಿಸೆಕೆಂಡು. ಇಂಜೆಕ್ಟರ್ ತೆರೆದಿರುವ ಅವಧಿ 17 ದಾಟುತ್ತಿದ್ದರೆ ಆ ಇಂಜೆಕ್ಟರ್ ಚಿಕ್ಕದಾಯಿತೆಂದೇ ಅರ್ಥ.

ಕೊಡಗಿನವರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ಮಡಿಕೇರಿಯ ಎತ್ತರದಲ್ಲಿ ಹೊರಗಾಳಿಯ ಒತ್ತಡವೇ ಸುಮಾರು 88 ಕಿಲೋಪ್ಯಾಸ್ಕಲ್, ಕುಶಾಲನಗರದಲ್ಲಿ 92ರ ಆಸುಪಾಸು. ಟರ್ಬೊ ಇಲ್ಲದ ಇಂಜಿನ್ನಿನ ಥ್ರಾಟಲನ್ನು ಪೂರ್ತಿ ತೆರೆದರೂ ಅದಕ್ಕಿಂತ ಮೇಲಿನ ಸಾಲುಗಳನ್ನು ಇಲ್ಲಿ ಮುಟ್ಟಲಾಗುವುದಿಲ್ಲ; ಎಷ್ಟು ಲಾಗ್ ಮಾಡಿದರೂ 100ರ ಸಾಲು ಯಾರೂ ನೋಡದ ಅಂಕೆಗಳಿಂದಲೇ ತುಂಬಿರುತ್ತದೆ. ಅದೇ ಗಾಡಿಯನ್ನು ಟ್ರೈಲರಿನಲ್ಲಿ ಸಂಪಾಜೆ ಘಾಟಿ ಇಳಿಸಿ ಮಂಗಳೂರಿಗೆ ಒಯ್ದರೆ, ಮೊದಲ ಬಾರಿ ಥ್ರಾಟಲ್ ತೆರೆದೊಡನೆ ಇಂಜಿನ್ ಆ ಸಾಲಿಗೇ ಹೋಗುತ್ತದೆ. ಆದ್ದರಿಂದ ಕೆಳಗಿನ ಸಾಲುಗಳ ಏರಿಕೆಯನ್ನೇ ಮೇಲಕ್ಕೆ ಮುಂದುವರಿಸಿ, ಶೇ 3ರಿಂದ 5ರಷ್ಟು ಹೆಚ್ಚುವರಿ ಕೊಟ್ಟು, ಅಲ್ಲಿನ ಇಗ್ನಿಷನ್ ಟೈಮಿಂಗನ್ನೂ (ಕಿಡಿ ಹಾರುವ ಹೊತ್ತನ್ನು) ಒಂದೆರಡು ಡಿಗ್ರಿ ತಡವಾಗಿಸಿ ಫೈಲು ಉಳಿಸಿಕೊಳ್ಳಿ. ಕರಾವಳಿಯಲ್ಲಿ ಮೊದಲ ಓಟವನ್ನು ಅರ್ಧ ಥ್ರಾಟಲಿಗೆ ಮಿತಿಗೊಳಿಸಿ, ಮುಂದಿನ ಓಟಗಳಲ್ಲಿ ಹಂತಹಂತವಾಗಿ ತೆರೆಯುತ್ತ ಹೋಗಿ. ಪೂರ್ತಿ ತೆರೆದಾಗ ಲ್ಯಾಂಬ್ಡಾ 0.92 ದಾಟಿದರೆ ಅಥವಾ ನಾಕಿಂಗ್ ಸದ್ದು (ಮಿಶ್ರಣ ಹದ ತಪ್ಪಿ ಉರಿದಾಗಿನ ಕಟಕಟ) ಕೇಳಿದರೆ ಅಲ್ಲಿಗೇ ಕಾಲು ತೆಗೆದು, ಆ ಲಾಗಿನಿಂದ 100ರ ಸಾಲನ್ನು ತಿದ್ದಿಕೊಂಡ ಮೇಲೆಯೇ ಮತ್ತೆ ಹೊರಡಿ.